ರೈಲಿನ ವೇಳಾಪಟ್ಟಿ ನೋಡಿ ಬೆಟ್ಟ ಆರಿಸುವುದು

ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಸ್ಕೀ ಟೂರಿಂಗ್‌ಗೆ ಎಲ್ಲಿಗೆ ಹೋಗಬೇಕೆಂದು ವಿಚಾರಿಸಿದಾಗಲೆಲ್ಲ ನಾನು ಹೇಳುವುದು ಸಾಂಕ್ಟ್ ಆಂಟೋನಿಯನ್ ಎಂಬ ಹಳ್ಳಿಯ ಹೆಸರನ್ನು. ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್‌ಗೆ ಬಂದು, ರೇಟಿಯನ್ ರೈಲ್ವೆಯ ಕೆಂಪು ರೈಲಿನಲ್ಲಿ ಕ್ಯೂಬ್ಲಿಸ್‌ವರೆಗೆ ಹೋದರೆ, ಅಲ್ಲಿಂದ ಹಳದಿ ಪೋಸ್ಟ್ ಬಸ್ಸು ಸುಮಾರು 1,420 ಮೀಟರ್ ಎತ್ತರದಲ್ಲಿರುವ ಆ ಊರಿಗೆ ಮುಟ್ಟಿಸುತ್ತದೆ.

ಲಿಫ್ಟ್‌ನ ನೆರವಿಲ್ಲದೆ, ಸ್ಕೀಗಳ ಅಡಿಗೆ, ಏರುವಾಗ ಹಿಂದಕ್ಕೆ ಜಾರದಂತೆ ಹಿಡಿಯುವ ಸ್ಕಿನ್ ಪಟ್ಟಿ ಅಂಟಿಸಿಕೊಂಡು ಸ್ವಂತ ಕಾಲಿನ ಬಲದಿಂದ ಬೆಟ್ಟವೇರುವ ಈ ಹವ್ಯಾಸದಲ್ಲಿ ಪರಿಸರಕ್ಕಾಗುವ ಹಾನಿಯ ದೊಡ್ಡ ಪಾಲು ಮನೆಯಿಂದ ಬೆಟ್ಟದ ಬುಡದವರೆಗಿನ ಕಾರು ಪ್ರಯಾಣದ್ದು. ಆದ್ದರಿಂದ ಶಿಖರವನ್ನು ಮೊದಲು ಆರಿಸಿ ದಾರಿ ಹುಡುಕುವ ಬದಲು, ರೈಲು ಮತ್ತು ಬಸ್ಸು ತಲುಪುವ ಊರನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿ ಎರಡು ರಾತ್ರಿಯಾದರೂ ತಂಗುವುದು ಮೇಲು. ಹಾಗೆ ತಂಗಿದವರಿಗೆ ಕೊನೆಯ ಬಸ್ಸಿನ ಆತುರವಿರುವುದಿಲ್ಲ. ಹವೆ ಕೆಟ್ಟರೆ ಮರುದಿನದವರೆಗೆ ಕಾಯುವ ಅವಕಾಶವೂ ಇರುತ್ತದೆ.

ಕಾಯುವ ಈ ಅವಕಾಶದ ಬೆಲೆ ತಿಳಿಯುವುದು ಹಿಮಕುಸಿತದ ಮುನ್ಸೂಚನೆಯನ್ನು ಓದುವಾಗ. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನ ಸಂಜೆ 5 ಗಂಟೆಗೆ ಅದನ್ನು ಪ್ರಕಟಿಸಿ, ಬೆಳಿಗ್ಗೆ 8ಕ್ಕೆ ನವೀಕರಿಸುತ್ತದೆ. ಅಪಾಯವನ್ನು 1ರಿಂದ 5ರವರೆಗಿನ ಹಂತಗಳಲ್ಲಿ ಸೂಚಿಸುವುದರಿಂದ 3ನೆಯದು ನಡುವಿನದೆಂದು ಕೆಲವರು ಹಗುರವಾಗಿ ಭಾವಿಸುತ್ತಾರೆ. ಆದರೆ ಸಾವುಗಳ ದೊಡ್ಡ ಪಾಲು ಸಂಭವಿಸುವುದು ಆ ಹಂತದಲ್ಲಿಯೇ. ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದ ಮೇಲೆ ಅಪಾಯಕಾರಿ ಎಂಬ ವಿವರವನ್ನು ಓದಿಕೊಂಡು, ಸ್ವಿಸ್ ಸರ್ಕಾರದ ಸ್ವಿಸ್‌ಟೋಪೋ ನಕ್ಷೆಯಲ್ಲಿ 30 ಡಿಗ್ರಿಗಿಂತ ಕಡಿದಾದ ಜಾಗಗಳನ್ನು ಗುರುತಿಸಿ ದಾರಿ ನಿಶ್ಚಯಿಸಬೇಕು. ಮೊದಲ ಸಲ ಬರುವವರು 2,817 ಮೀಟರಿನ ಸುಲ್ಟ್ಸ್‌ಫ್ಲು ಶಿಖರದ ಆಸೆಯನ್ನು ಬದಿಗಿಟ್ಟು, 2,200 ಮೀಟರಿಗೆ ತುಸು ಕಡಿಮೆ ಎತ್ತರದ ಕ್ರ್ಯೂಟ್ಸ್ ಬೆಟ್ಟವನ್ನು ಏರಲಿ. ಹಿಮಕುಸಿತದಲ್ಲಿ ಹೂತುಹೋದವರನ್ನು ಪತ್ತೆ ಮಾಡುವ ಬೀಕನ್, ಸಲಿಕೆ ಮತ್ತು ಉದ್ದದ ಶೋಧನ ಕೋಲು ಪ್ರತಿಯೊಬ್ಬರ ಬಳಿಯೂ ಇರಲೇಬೇಕು, ಅವುಗಳ ಬಳಕೆಯನ್ನು ಮೊದಲೇ ಅಭ್ಯಾಸ ಮಾಡಿರಬೇಕು.

ಅದೇ ನಕ್ಷೆಯಲ್ಲಿ ವನ್ಯಜೀವಿಗಳ ವಿಶ್ರಾಂತಿ ವಲಯಗಳೂ ಕಾಣುತ್ತವೆ. ಕಾಡಿನ ಅಂಚಿನಲ್ಲಿ ಬ್ಲ್ಯಾಕ್ ಗ್ರೌಸ್ ಎಂಬ ಹಕ್ಕಿ ಹಿಮದೊಳಗೆ ಬಿಲ ತೋಡಿಕೊಂಡು ಚಳಿಗಾಲದ ಬಹುಪಾಲು ಹೊತ್ತು ಅಲ್ಲೇ ಅಡಗಿರುತ್ತದೆ. ಸೂಜಿ ಎಲೆ, ಮೊಗ್ಗುಗಳಂಥ ಸತ್ವವಿಲ್ಲದ ಆಹಾರದಿಂದ ದಿನ ದೂಡುವ ಆ ಜೀವ, ನಮ್ಮ ಸದ್ದಿಗೆ ಬೆದರಿ ಮತ್ತೆ ಮತ್ತೆ ಹಾರಿಹೋದರೆ, ಕಳೆದುಕೊಂಡ ಶಕ್ತಿಯನ್ನು ತುಂಬಿಕೊಳ್ಳಲಾರದೆ ಸಾಯಲೂಬಹುದು. ಕಾಡಿನೊಳಗೆ ಗುರುತಿಸಿದ ಜಾಡನ್ನು ಬಿಡಬಾರದೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಪರಿಸರಕ್ಕೆ ಹಾನಿಯಾಗದಂತೆ, ಸ್ಕೀಗೆ ಹಚ್ಚುವ ಮೇಣವೂ ಫ್ಲೋರಿನ್‌ಮುಕ್ತವಾಗಿರಲಿ. 2023–24ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಫ್ಲೋರಿನ್ ಮೇಣ ನಿಷಿದ್ಧವಾಗಿದೆ.

ಬುತ್ತಿಗೆ ಚಪಾತಿ, ಪಲ್ಯ ಮತ್ತು ಫ್ಲಾಸ್ಕ್‌ನಲ್ಲಿ ಬಿಸಿ ಸಾರು ಧಾರಾಳವಾಗಿ ಸಾಕು. ಮೇಲೆ ತಲುಪಿ ಸ್ಕಿನ್ ಪಟ್ಟಿಗಳನ್ನು ಕಿತ್ತ ಕೂಡಲೇ, ಅಂಟಿನ ಮೇಲೆ ಹಿಮ ಕೂರದಂತೆ ಮಡಚಿ ಜಾಕೆಟ್ಟಿನ ಒಳಗೆ ಇಟ್ಟುಕೊಳ್ಳಿ. ಮೈಬಿಸಿ ತಾಗಿದ ಅಂಟು ಎರಡನೆಯ ಏರಿಗೂ ಚೆನ್ನಾಗಿ ಹಿಡಿಯುತ್ತದೆ.