ಗವಂತಿ ಹೊಲಿಗೆಯೂ ಬಿಎಂಪಿ ಫೈಲೂ

ಬಿಎಂಪಿ ಅಂತ ಚಿತ್ರದ ಫೈಲಿನ ಒಂದು ಬಗೆ ಇದೆ, ಅದನ್ನು ಈಗ ಯಾರೂ ಕೇಳುವುದಿಲ್ಲ. ಜಾಗ ಜಾಸ್ತಿ ತಿನ್ನುತ್ತದೆ, ವಾಟ್ಸಾಪ್‌ನಲ್ಲಿ ಕಳಿಸುವವರಂತೂ ಇಲ್ಲವೇ ಇಲ್ಲ. ಆದರೆ ಚಿತ್ರದ ಫೈಲು ಒಳಗೆ ಹೇಗಿರುತ್ತದೆ ಅಂತ ಕೈಯಾರೆ ಬರೆದು ನೋಡಬೇಕೆಂದರೆ ನಾನು ಹೇಳುವುದು ಅದನ್ನೇ. ಪಿಎನ್‌ಜಿ, ಜೆಪೆಗ್ ಎರಡೂ ಬಣ್ಣಗಳನ್ನು ಕುಗ್ಗಿಸಿ ಇಡುತ್ತವೆ. ಸಾದಾ 24 ಬಿಟ್ ಬಿಎಂಪಿಯಲ್ಲಿ ಅಂಥದ್ದೇನಿಲ್ಲ. ಒಂದು ಚುಕ್ಕಿಗೆ (ಪಿಕ್ಸೆಲ್‌ಗೆ) 3 ಬೈಟು, ಕೆಂಪು, ಹಸಿರು, ನೀಲಿಗೆ ಒಂದೊಂದು, ಅಷ್ಟೇ.

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದಾನೆ. ಹೋದ ಭಾನುವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ನಮ್ಮ ಮನೆಗೆ ಬಂದಿದ್ದ. ಹೊರಗೆ ಜಡಿಮಳೆ. ಅವ್ವ ಕಸೂತಿಯ ಗೋಪುರವೊಂದನ್ನು ಗ್ರಾಫ್ ಹಾಳೆಯಲ್ಲಿ ಬರೆದಿಟ್ಟಿದ್ದಳು. ನಿಜ ಹೇಳಬೇಕೆಂದರೆ ಕಸೂತಿಗೆ ಗೆರೆ ಹಾಕುವ ಪದ್ಧತಿಯೇ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಇದು ಹೊಸದಾಗಿ ಕಲಿಯುವ ಓಣಿಯ ಹುಡುಗಿಯರಿಗೆ ಅಂತ. ಅಡ್ಡ 25 ಚೌಕ, ಉದ್ದ 25.

"ಇದನ್ನ ಬಿಎಂಪಿ ಮಾಡು, ಸಿ ಭಾಷಾದಾಗ ಬರಿ. ಲೈಬ್ರರಿ ಮುಟ್ಟಬ್ಯಾಡ" ಅಂದೆ.

"ಯಾಕ್ರಿ ಮಾಮಾ? ಪೈಥಾನ್‌ನಾಗ ಎರಡ ಸಾಲಿನ ಕೆಲಸ."

ಅದಕ್ಕೇ ಬೇಡ ಅಂದದ್ದು.

ಶುರುವಿಗೆ 14 ಬೈಟುಗಳ ಒಂದು ಹೆಡರ್, ಅಂದರೆ ಫೈಲಿನ ವಿವರ ಹೇಳುವ ಭಾಗ, ಅದರ ಹಿಂದೆ 40 ಬೈಟುಗಳ ಇನ್ನೊಂದು. ಬಣ್ಣಗಳು 54ರಿಂದ ಆರಂಭ. ಮೊದಲೆರಡು ಬೈಟು 'ಬಿ' ಮತ್ತು 'ಎಂ' ಅಕ್ಷರಗಳು, ಅಂದರೆ 66, 77. ಆಮೇಲೆ ಇಡೀ ಫೈಲಿನ ಗಾತ್ರ. ಅವನು 25 × 25 × 3 ಮಾಡಿ 54 ಕೂಡಿಸಿ 1929 ಅಂದ. ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, 0789. ಆದರೆ ಫೈಲಿನಲ್ಲಿ ಚಿಕ್ಕ ಬೆಲೆಯ ಬೈಟು ಮೊದಲು ಬರಬೇಕು: 89, 07, 00, 00. ಅವನು ಹೆಡರ್‌ಗೆ ಸ್ಟ್ರಕ್ಟ್, ಅಂದರೆ ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಕಟ್ಟು, ಮಾಡಿಕೊಂಡಿದ್ದ. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ 'ಬಿಎಂ' ಆದ ಮೇಲೆ ಸುಮ್ನೆ ಎರಡು ಖಾಲಿ ಬೈಟು ತುರುಕಿ 14ನ್ನು 16 ಮಾಡಿಬಿಟ್ಟಿತು. ಸ್ಟ್ರಕ್ಟ್ ಬಿಟ್ಟು ಒಂದೊಂದೇ ಬೈಟು ಬರೆಯಿಸಿದೆ.

ನೆಲಕ್ಕೆ, ಅಂದರೆ ಹಿನ್ನೆಲೆಗೆ, ಇಳಕಲ್ ಸೀರೆಯಂಥ ಕೆಂಪು: ಕೆಂಪು 120, ಹಸಿರು 20, ನೀಲಿ 40. ಇಲ್ಲಿ ನೀಲಿ ಮೊದಲು, ಕೆಂಪು ಕೊನೆಗೆ. ಹಾಗಾಗಿ 40, 20, 120.

ಫೈಲು ತೆರೆದಾಗ ಅವನ ಮುಖ ನೋಡಬೇಕಿತ್ತು. ಗೋಪುರದ ಬುಡ ಮೇಲೆ, ಕಳಸ ಕೆಳಗೆ. ಮೇಲೆ ಹೋದಂತೆ ಎಡಕ್ಕೆ ವಾಲಿತ್ತು. ನೆಲವೆಲ್ಲ ಕೆಂಪು, ಹಸಿರು, ನೀಲಿ ಪಟ್ಟೆ.

"ಮಾಮಾ, ಹಸಿರು ನಾ ಹಾಕೇ ಇಲ್ರಿ!"

ತಲೆಕೆಳಗಾದದ್ದು ಅವನಿಗೆ ಬೇಗ ಗೊತ್ತಾಯಿತು. ಬಿಎಂಪಿಯಲ್ಲಿ ಕೆಳಗಿನ ಸಾಲು ಮೊದಲು. ಶಾಲೆಯ ಗ್ರಾಫಿನಲ್ಲೂ ಸೊನ್ನೆ ಕೆಳಗೇ ಇರುತ್ತದೆ, ಅಲ್ವಾ? ಹೆಡರ್‌ನಲ್ಲಿ ಎತ್ತರದ ಸಂಖ್ಯೆಯನ್ನು ಮೈನಸ್ ಮಾಡಿದರೆ ಮೇಲಿನಿಂದಲೂ ಬರೆಯಬಹುದು, ಆದರೆ ಅವನು ಲೂಪನ್ನೇ ತಿರುಗಿಸಿದ.

ಪಟ್ಟೆಗಳ ವಿಷಯ ನಾನು ಬೇಕಂತಲೇ ಬಾಯಿ ಬಿಡಲಿಲ್ಲ. ಅವನು ಫೈಲಿನ ಬೈಟುಗಳನ್ನು ತೋರಿಸುವ ಹೆಕ್ಸ್ ವ್ಯೂವರ್ ತೆರೆದು ಪೆನ್ಸಿಲ್ ಹಿಡಿದು ಕೂತ. ಪ್ರತಿ ಸಾಲಿನ ಬೈಟುಗಳು 4ರಿಂದ ಭಾಗವಾಗಬೇಕು, ಆಗದಿದ್ದರೆ ಕೊನೆಗೆ ಸೊನ್ನೆ ತುಂಬಬೇಕು. ಇವನದು 75. ಓದುವ ಪ್ರೋಗ್ರಾಂ ಸಾಲಿಗೆ 76 ಓದುತ್ತದೆ, ಹಾಗಾಗಿ ಪ್ರತಿ ಸಾಲಿಗೆ ಒಂದು ಬೈಟು ಜಾರುತ್ತದೆ. ಎರಡನೇ ಸಾಲಿನಲ್ಲಿ 40, 20, 120 ಹೋಗಿ 20, 120, 40 ಆಯಿತು. ಅದೇ ಹಸಿರು. ಮೂರನೆಯದು 120, 40, 20. ನೀಲಿ. ಮೂರು ಸಾಲಿಗೆ ಒಂದು ಚುಕ್ಕಿ ಎಡಕ್ಕೆ ಸರಿದು ಗೋಪುರ ವಾಲಿತ್ತು. ಇಷ್ಟು ಚಂದದ ತಪ್ಪು ಪೈಥಾನ್‌ನ ಎರಡು ಸಾಲಿನಲ್ಲಿ ಸಿಗುತ್ತಿರಲಿಲ್ಲ.

ಸಾಲಿಗೊಂದು ಸೊನ್ನೆ ಹಾಕಿದ. ಫೈಲು 1954 ಬೈಟು ಆಯಿತು, ಗೋಪುರ ನೆಟ್ಟಗೆ ನಿಂತಿತು. ಅವ್ವನನ್ನು ಕರೆದು ತೋರಿಸಿದ.

ಅವ್ವ ಕನ್ನಡಕ ಏರಿಸಿ ನೋಡಿದಳು. "ಚಲೋ ಐತಿ. ಆದ್ರ ಇದು ಗವಂತಿ ಅಲ್ಲೋ ತಮ್ಮಾ, ಮೆಂತೆ ಆತು."

ಸರಿಯಾದ ಮಾತು. ಮೆಂತೆ ಹೊಲಿಗೆ ಚೌಕದ ಒಳಗೆ ಅಡ್ಡಡ್ಡ ಹಾಯುತ್ತದೆ, ಚೌಕ ತುಂಬುತ್ತದೆ. ಗವಂತಿ ಗೆರೆ. ಅದು ಚೌಕದ ಅಂಚಿನ ಮೇಲೆ ಓಡುತ್ತದೆ. ನಮ್ಮ ಚುಕ್ಕಿಗಳಲ್ಲಿ ಅಂಚಿಗೆ ಜಾಗವೇ ಇರಲಿಲ್ಲ.

ಹುಡುಗ ಬೇಜಾರಾಗಲಿಲ್ಲ. 25 ಚೌಕಕ್ಕೆ 26 ಗೆರೆ, ಎರಡೂ ಸೇರಿ 51 ಚುಕ್ಕಿ ಅಂತ ಲೆಕ್ಕ ಹಾಕಿದ. ಸಾಲಿಗೆ 153 ಬೈಟು, ಈ ಸಲ 3 ಸೊನ್ನೆ, ಒಟ್ಟು ಫೈಲು 8010. ನಾನು ಹೇಳಿಕೊಡಬೇಕಾಗಲೇ ಇಲ್ಲ.

ಆಮೇಲೆ ಅವ್ವ ಪ್ರಿಂಟ್ ಬೇಕೆಂದಳು. ಹೆಡರ್‌ನಲ್ಲಿ ಒಂದು ಮೀಟರಿಗೆ ಎಷ್ಟು ಚುಕ್ಕಿ ಅಂತ ಹೇಳುವ ಜಾಗ ಇದೆ. ಎಷ್ಟೋ ಜನ ಅಲ್ಲಿ ಸೊನ್ನೆ ಹಾಕಿ ಮುಂದೆ ಹೋಗುತ್ತಾರೆ, ನಡೆಯುತ್ತದೆ. ಇವನು 500 ಬರೆದ. ಚುಕ್ಕಿಗೆ 2 ಮಿಲಿಮೀಟರ್, ಗೋಪುರದ ಚೌಕಟ್ಟು 10.2 ಸೆಂಟಿಮೀಟರ್.

"ಸೆರಗಿಗೆ ಸಾಕು" ಅಂದಳು ಅವ್ವ. "ಈಗ ಆನಿ ಅಂಬಾರಿದೂ ಬರಿ."