8 ಚೀಲ ತೊಗರಿ 128 ಆದ ಕಥೆ

ಜನವರಿ ಬಂತೆಂದರೆ ಕಲಬುರಗಿಯ ಗಂಜ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲಿ ನೋಡಿದರೂ ತೊಗರಿ. ನಾನು ಅಲ್ಲಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಕ್ಕಪಕ್ಕದವರು ಎಕ್ಸೆಲ್‌ನಲ್ಲಿ ಬರೆದರೆ ನನ್ನದು ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲ್. ಕಾಲೇಜಿನಲ್ಲಿ ಅಂಟಿದ ಚಟ, ಬಿಟ್ಟಿಲ್ಲ. ಒಬ್ಬ ರೈತನಿಗೆ ಒಂದು ಸಾಲು. ಮೊದಲು ಚೀಲದ ಲೆಕ್ಕ, ಆಮೇಲೆ ಊರು, ತೂಕ, ದರ.

ಆವತ್ತು ಆಳಂದ ಕಡೆಯವರೊಬ್ಬರು 12 ಚೀಲ ತಂದಿದ್ದರು. ಕರ್ಸರ್ ಫೈಲಿನ ಕೊನೆಯ ಖಾಲಿ ಸಾಲಿನಲ್ಲಿತ್ತು. ಅಷ್ಟರಲ್ಲಿ ಅವರು, 'ಮೊನ್ನಿ ನಮ್ಮೂರವರಿಗಿ ಏನ್ ದರ ಹಾಕೀರಿ?' ಎಂದರು. ಆಲ್ಟ್-ವಿ ಎರಡು ಸಲ ಒತ್ತಿ ಹಿಂದಿನ ಪುಟ ನೋಡಿ ಹೇಳಿದೆ. ಹೇಳುತ್ತಲೇ 12 ಒತ್ತಿದೆ. ಹೊರಗೆ ಹಮಾಲರು ಕರೆದರು, ಎದ್ದು ಹೋದೆ. ಬಂದು ಫೈಲಿನ ಕೊನೆಗೆ ಹೋದರೆ ಅಲ್ಲಿ 12 ಇಲ್ಲ. ಒತ್ತೇ ಇಲ್ಲವೇನೋ ಅಂದುಕೊಂಡು ಮತ್ತೆ ಬರೆದೆ.

ವಾರದ ಲೆಕ್ಕ ಕೂಡಿಸಿದಾಗ 120 ಚೀಲ ಜಾಸ್ತಿ ಬಂತು. ಸೇಡಂ ಕಡೆಯ ಒಬ್ಬರ 8 ಚೀಲದ ಮುಂದೆ ನನ್ನ 12 ಹೋಗಿ ಕೂತು 128 ಆಗಿತ್ತು. ಸಾವುಕಾರರು ಕನ್ನಡಕದ ಮೇಲಿಂದ ನೋಡಿ, 'ಎರಡು ಎಕರೆದಾಗ 128 ಚೀಲ ಬೆಳೀತಾವೇನಪ್ಪಾ?' ಎಂದರು. ಸುಮ್ನೆ ತಲೆ ತಗ್ಗಿಸಿದೆ.

ಬೇರೆ ಎಷ್ಟೋ ಎಡಿಟರ್‌ಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಮೌಸಿನ ಗಾಲಿಯಿಂದ ಪುಟ ಎಷ್ಟು ಉರುಳಿಸಿದರೂ ಕರ್ಸರ್ ಇದ್ದಲ್ಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಒಂದಕ್ಷರ ಒತ್ತಿದರೆ ಪರದೆ ಜಿಗಿದು ಅಲ್ಲಿಗೇ ವಾಪಸ್. ಈಮ್ಯಾಕ್ಸ್‌ನ ಕಾಯಿದೆ ಬೇರೆ: ಕರ್ಸರ್ ಯಾವಾಗಲೂ ವಿಂಡೋ ಒಳಗೆ ಕಾಣಲೇಬೇಕು.

ಒಳಗೆ ನಡೆಯುವುದು ಇಷ್ಟು. ಪ್ರತಿ ವಿಂಡೋ ಎರಡು ಸಂಖ್ಯೆ ನೆನಪಿಟ್ಟುಕೊಂಡಿರುತ್ತದೆ. ಒಂದು, ವಿಂಡೋದ ನೆತ್ತಿಯಲ್ಲಿ ಕಾಣುವ ಮೊದಲ ಅಕ್ಷರ ಫೈಲಿನಲ್ಲಿ ಎಷ್ಟನೆಯದು ಅನ್ನುವುದು. ಇನ್ನೊಂದು, ಕರ್ಸರ್ ಎಷ್ಟನೆಯ ಅಕ್ಷರದ ಬಳಿ ಇದೆ ಅನ್ನುವುದು. ಸ್ಕ್ರೋಲ್ ಎಂದರೆ ಮೊದಲನೆಯ ಸಂಖ್ಯೆ ಬದಲಿಸಿ ಪರದೆಯನ್ನು ಮತ್ತೆ ಬರೆಯುವುದು. ಫೈಲು ಎಲ್ಲಿಗೂ ಓಡುವುದಿಲ್ಲ, ನಮ್ಮ ಕಿಡಕಿ ಸರಿಯುತ್ತದೆ. ಸರಿದಾಗ ಕರ್ಸರ್ ಹೊರಗೆ ಉಳಿಯುವಂತಾದರೆ ಅದನ್ನು ಅಂಚಿನ ಸಾಲಿಗೆ ಎಳೆದು ತರುತ್ತದೆ. ನಾನು ಮೇಲೆ ಹೋದಾಗ ಅದು ನನ್ನ ಜೊತೆ ಬಂದು ಕೆಳಗಿನ ಅಂಚಿನಲ್ಲಿ, ಸೇಡಂನವರ ಸಾಲಿನ ಶುರುವಿನಲ್ಲಿ ನಿಂತಿತ್ತು. ಮೌಸಿನ ಗಾಲಿ ತಿರುಗಿಸಿದ್ದರೂ ಇದೇ ಆಗುತ್ತಿತ್ತು.

ಕಾಯಿದೆ ಉಲ್ಟಾ ಕಡೆಯಿಂದಲೂ ಕೆಲಸ ಮಾಡುತ್ತದೆ. ಬಾಣದ ಕೀ ಒತ್ತಿ ಕರ್ಸರನ್ನು ಕೆಳಗಿನ ಅಂಚು ದಾಟಿಸಿದರೆ ಈಗ ಕಿಡಕಿ ಅದರ ಹಿಂದೆ ಓಡಬೇಕು. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಅದು ಒಂದು ಸಾಲು ಸರಿಯುವ ಬದಲು ಕರ್ಸರನ್ನು ನಡುಮಧ್ಯಕ್ಕೆ ತಂದು ಕೂರಿಸುತ್ತದೆ. ಅರ್ಧ ಪರದೆ ಒಮ್ಮೆಲೇ ಹಾರುತ್ತದೆ. ಓದುತ್ತಿದ್ದ ಸಾಲು ಎಲ್ಲಿ ಹೋಯಿತು ಅಂತ ಹುಡುಕಬೇಕು. ನನಗೆ ಇದು ಮೊದಲಿನಿಂದಲೂ ಕಿರಿಕಿರಿ. 'ಸ್ಕ್ರೋಲ್-ಕನ್ಸರ್ವೇಟಿವ್ಲಿ' ಎಂಬ ಸೆಟ್ಟಿಂಗಿಗೆ 100ಕ್ಕಿಂತ ಜಾಸ್ತಿ ಕೊಟ್ಟರೆ ಈ ಹಾರಾಟ ನಿಲ್ಲುತ್ತದೆ. ನಾನು 101 ಇಟ್ಟಿದ್ದೇನೆ.

ಹೆಸರುಗಳದ್ದೇ ಇನ್ನೊಂದು ತಲೆನೋವು. ಫೈಲಿನಲ್ಲಿ ಕೆಳಗೆ ಹೋಗಲು ಕಂಟ್ರೋಲ್-ವಿ ಒತ್ತುತ್ತೇವೆ, ಅದರ ಹೆಸರು ಸ್ಕ್ರೋಲ್ ಅಪ್! ನಮ್ಮಜ್ಜಿಯ ಮನೆಯ ಬಾವಿ ರಾಟೆ ನೆನಪಾದ ಮೇಲೆ ನನಗೆ ಗೊಂದಲ ಹೋಯಿತು. ಹಗ್ಗ ಕೆಳಗೆ ಜಗ್ಗಿದರೆ ಕೊಡ ಮೇಲೆ ಬರುತ್ತದೆ ಅಲ್ವಾ? ನಾವು ಹಗ್ಗ ನೋಡುತ್ತೇವೆ, ಈಮ್ಯಾಕ್ಸ್ ಕೊಡ ನೋಡುತ್ತದೆ. ಅಕ್ಷರಗಳು ಮೇಲೆ ಹೋದವು, ಅದಕ್ಕೇ ಅಪ್.

ಬೈದಿದ್ದು ಸಾಕು, ಒಂದು ವಿಷಯಕ್ಕೆ ಮೆಚ್ಚಬೇಕು. ಪೂರ್ತಿ ಪುಟ ಸರಿಸಿದಾಗ ಹಿಂದಿನ ಪುಟದ ಕೊನೆಯ 2 ಸಾಲು ಹೊಸ ಪುಟದ ತಲೆಯಲ್ಲಿ ಉಳಿಯುತ್ತವೆ. ಕೆಂಪು ಬಟ್ಟೆಯ ವಹಿಯಲ್ಲಿ ಪುಟ ತಿರುವಿದ ಕೂಡಲೇ ಮೇಲುಗಡೆ ಹಿಂದಿನ ಶಿಲ್ಕು ಬರೆಯುತ್ತೇವಲ್ಲ, ಹಾಗೆ. ಎಲ್ಲಿದ್ದೆವು ಅನ್ನುವುದು ಕಣ್ಣಿಗೆ ತಪ್ಪುವುದಿಲ್ಲ.

ಈಗ ದರ ನೋಡಬೇಕೆಂದರೆ ಮೊದಲು ಕಂಟ್ರೋಲ್-ಎಕ್ಸ್, 2. ವಿಂಡೋ ಮೇಲೆ ಕೆಳಗೆ ಎರಡಾಗುತ್ತದೆ. ಎರಡರಲ್ಲೂ ಅದೇ ಫೈಲು. ಆದರೆ ಪ್ರತಿ ವಿಂಡೋಗೂ ತನ್ನದೇ ನೆತ್ತಿ, ತನ್ನದೇ ಕರ್ಸರ್ ಜಾಗ. ನಾನು ಮೇಲಿನದರಲ್ಲಿ ಬರೆಯುತ್ತೇನೆ. ಅಲ್ಲಿಂದಲೇ ಕಂಟ್ರೋಲ್-ಆಲ್ಟ್-ವಿ ಒತ್ತಿದರೆ ಪಕ್ಕದ ವಿಂಡೋ ಮುಂದೆ ಸರಿಯುತ್ತದೆ, ಜೊತೆಗೆ ಶಿಫ್ಟ್ ಸೇರಿಸಿದರೆ ಹಿಂದೆ. ಬೇಕಾದಷ್ಟು ಹಳೆಯ ದರ ನೋಡಬಹುದು. ಬರೆಯುವ ಕರ್ಸರ್ ಕದಲುವುದಿಲ್ಲ. ಕೆಲಸ ಮುಗಿದರೆ ಕಂಟ್ರೋಲ್-ಎಕ್ಸ್, 1 ಒತ್ತಿ ಮತ್ತೆ ಒಂದೇ ಮಾಡುತ್ತೇನೆ.

ಒಂದು ಮಾತ್ರ ಇನ್ನೂ ಸರಿಹೋಗಿಲ್ಲ. ಊರಿನ ಹೆಸರು ಕನ್ನಡದಲ್ಲಿರುವ ಸಾಲು, ಬರೀ ಅಂಕಿ ಇರುವ ಸಾಲಿಗಿಂತ ಎತ್ತರ. ಒತ್ತಕ್ಷರಕ್ಕೆ ಜಾಗ ಬೇಕಲ್ಲ, ಕನ್ನಡ ಫಾಂಟೇ ಅಷ್ಟೆತ್ತರ. ಹಾಗಾಗಿ ಒಂದು ಪರದೆಗೆ ಇಷ್ಟೇ ಸಾಲು ಎಂಬ ಲೆಕ್ಕ ಸಿಗುವುದಿಲ್ಲ. ಎರಡು ಸಲ ಆಲ್ಟ್-ವಿ ಒತ್ತಿದರೆ ಒಮ್ಮೆ ಮೊನ್ನೆಯ ಲೆಕ್ಕಕ್ಕೆ ಹೋಗುತ್ತೇನೆ, ಒಮ್ಮೆ ನಿನ್ನೆಯದಕ್ಕೆ. ಸಾವುಕಾರರಿಗೆ ಇದನ್ನು ಹೇಳಲು ಹೋಗಿಲ್ಲ. ಅವರು ಇತ್ತೀಚೆಗೆ ಸಂಜೆ ಮನೆಗೆ ಹೋಗುವ ಮುಂಚೆ ನನ್ನ ಕುರ್ಚಿ ಹಿಂದೆ ನಿಂತು, 'ಇವತ್ತೆಷ್ಟು ಬೆಳೆಸೀದಿ?' ಅಂತ ಕೇಳುತ್ತಾರೆ.