ಹನುಮಂತನಗರದಲ್ಲಿ ಕೂತು ಕಿಲಾರ್ನಿಯಲ್ಲಿ ಜಾಗ ಹಿಡಿದದ್ದು

ಫೆಬ್ರವರಿ 10ರ ಸಂಜೆ. ಹನುಮಂತನಗರದ ಚಿಕ್ಕಪ್ಪನ ಮನೆಯ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ಮೂರು ಮೊಬೈಲ್, ಒಂದು ತಟ್ಟೆ ಕೋಡುಬಳೆ. ಗಡಿಯಾರದಲ್ಲಿ ಐದೂ ಇಪ್ಪತ್ತೈದು. ಯಾರೂ ಮಾತಾಡುತ್ತಿಲ್ಲ.

"ಏನು, ತತ್ಕಾಲ್ ಟಿಕೆಟ್ಟಾ?" ಅಂದರು ತಿಪಟೂರಿನಿಂದ ಬಂದಿದ್ದ ದೊಡ್ಡಪ್ಪ.

"ಹೆಚ್ಚುಕಮ್ಮಿ ಅದೇ ದೊಡ್ಡಪ್ಪ. ಆದರೆ ರೈಲಿಗಲ್ಲ. ಟೆಂಟ್ ಹಾಕೋಕೆ ಜಾಗಕ್ಕೆ."

"ದುಡ್ಡು ಕೊಟ್ಟು ನೆಲದ ಮೇಲೆ ಮಲಗ್ತೀರಾ?"

ಈ ಪ್ರಶ್ನೆಗೆ ಏಳು ವರ್ಷದಿಂದ ಸರಿಯಾದ ಉತ್ತರ ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.

ನಾವಿರುವುದು ಕೆನಡಾದಲ್ಲಿ, ಟೊರೊಂಟೊ ಹತ್ತಿರ. ಈ ಜುಲೈಗೆ ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ಅವಳ ಗಂಡ ಭಾವ, ಎರಡು ಮಕ್ಕಳು ಬರುತ್ತಿದ್ದಾರೆ. ನಯಾಗರಾ ನೋಡಿದರೆ ಸಾಲದು, "ನೀವೆಲ್ಲ ಕಾಡಲ್ಲಿ ಮಲಗ್ತೀರಲ್ಲ, ಅಲ್ಲಿಗೂ ಕರ್ಕೊಂಡು ಹೋಗಿ" ಎಂದು ಹಟ. ಈ ಸಲ ನಾವು ಕಣ್ಣಿಟ್ಟಿದ್ದ ಕಿಲಾರ್ನಿಯೂ ಸೇರಿ ಒಂಟಾರಿಯೊ ಪ್ರಾಂತ್ಯದ ಪಾರ್ಕುಗಳಲ್ಲಿ ಜಾಗ ಸಿಗುವುದು ಐದು ತಿಂಗಳು ಮುಂಚೆ. ಜುಲೈ 10ಕ್ಕೆ ಬೇಕೆಂದರೆ ಫೆಬ್ರವರಿ 10ರ ಬೆಳಿಗ್ಗೆ ಏಳಕ್ಕೆ ಆನ್‌ಲೈನಲ್ಲಿ ಕಾದಿರಬೇಕು. ಅಲ್ಲಿ ಬೆಳಿಗ್ಗೆ ಏಳು ಅಂದರೆ ಚಳಿಗಾಲದಲ್ಲಿ ಇಲ್ಲಿ ಸಂಜೆ ಐದೂವರೆ. ನಾನು ರಜಕ್ಕೆ ಊರಿಗೆ ಬಂದದ್ದರಿಂದ ಈ ಸಲ ಆ ಪೂಜೆ ಬೆಂಗಳೂರಲ್ಲೇ ನಡೆಯಿತು.

ಎಲ್ಲರೂ ನನ್ನನ್ನು ಕೇಳುವುದು ಒಂದೇ: ಯಾವ ಜಾಗ ಚೆನ್ನಾಗಿದೆ? ಅದು ತಪ್ಪು ಪ್ರಶ್ನೆ ಅಂತ ನನಗೆ ಗೊತ್ತಾದದ್ದು ಮೊದಲ ವರ್ಷವೇ, ನೆಂದ ಮೇಲೆ.

ಆಗ ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ನೋಡಿ ಮರುಳಾಗಿದ್ದೆವು. ಕಿತ್ತಳೆ ಬಣ್ಣದ ಟೆಂಟು, ಎದುರಿಗೆ ಕೆರೆ, ಕೆರೆ ಮೇಲೆ ಮಂಜು. ಅಂಥದ್ದೇ ಜಾಗ ಹುಡುಕಿ ಹಿಡಿದೆವು. ನೀರಿಗೆ ಹತ್ತು ಹೆಜ್ಜೆ. ಸಂಜೆ ಸ್ವರ್ಗ. ರಾತ್ರಿ ಎರಡು ಗಂಟೆಗೆ ಮಳೆ ಶುರುವಾಯಿತು. ಇಡೀ ಇಳಿಜಾರಿನ ನೀರು ಕೆರೆಗೆ ಹೋಗುವ ದಾರಿಯಲ್ಲೇ ನಾವು ಟೆಂಟ್ ಹಾಕಿದ್ದೆವು ಎಂದು ನನಗೆ ಗೊತ್ತಾದದ್ದು ಬೆನ್ನಿನಿಂದ. ಮೊದಲು ತಣ್ಣಗೆ, ಆಮೇಲೆ ಒದ್ದೆ, ಆಮೇಲೆ ಹಾಸಿಗೆ ಮೆಲ್ಲಗೆ ಅಲುಗಾಡಿತು. ನೀರಿನ ಮೇಲೆ ತೇಲುತ್ತಿತ್ತು! ಉಳಿದ ರಾತ್ರಿ ಕಾರಿನಲ್ಲಿ, ಸೀಟಿನ ಬೆಲ್ಟಿನ ಬಕಲ್ ಪಕ್ಕೆಗೆ ಒತ್ತಿಸಿಕೊಂಡು. ಬೆಳಿಗ್ಗೆ ಅಕ್ಕಪಕ್ಕದವರು ಕಾಫಿ ಕೊಟ್ಟರು. ಅವರ ಟೆಂಟ್ ನಮಗಿಂತ ಮೂರಡಿ ಮೇಲಿತ್ತು, ಅಷ್ಟೇ ವ್ಯತ್ಯಾಸ.

ಅಂದಿನಿಂದ ನಾನು ಫೋಟೋ ನೋಡುವುದು ಕೊನೆಗೆ. ಮೊದಲು ನೀರು, ಆಮೇಲೆ ನಡಿಗೆ, ಆಮೇಲೆ ಮಲಗುವ ನೆಲ.

ನೀರು ಮೊದಲು ಯಾಕೆಂದರೆ ಆ ದೇಶದಲ್ಲಿ ನೀರಿಗೇನೂ ಬರವಿಲ್ಲ, ಬರ ಇರುವುದು ಬೆಚ್ಚನೆಯ ನೀರಿಗೆ. ಬ್ರೂಸ್ ಪೆನಿನ್ಸುಲಾ ರಾಷ್ಟ್ರೀಯ ಉದ್ಯಾನದಲ್ಲಿ ಗ್ರೊಟ್ಟೊ ಅಂತ ಒಂದು ಗುಹೆ ಇದೆ. ಸುಣ್ಣಕಲ್ಲಿನ ಜಾತಿಯ ಬಂಡೆ, ಕೆಳಗೆ ಹ್ಯೂರಾನ್ ಅನ್ನುವ ಭಾರೀ ಕೆರೆಯ ಕೊಲ್ಲಿಯಾದ ಜಾರ್ಜಿಯನ್ ಬೇಯ ಹಸಿರು ನೀಲಿ ನೀರು. ಕ್ಯಾಲೆಂಡರಿನ ಚಿತ್ರದ ಹಾಗೇ ಇದೆ, ಸುಳ್ಳಿಲ್ಲ. ಆದರೆ ಜುಲೈನಲ್ಲೂ ಕಾಲಿಟ್ಟರೆ ಫ್ರಿಜ್ಜಿನ ಬಾಟಲಿಗೆ ಕಾಲಿಟ್ಟ ಹಾಗೆ. ನಮ್ಮ ಜೊತೆ ಬಂದಿದ್ದ ಗೆಳೆಯರೊಬ್ಬರು ಬಂಡೆ ಮೇಲಿಂದ ಹುಮ್ಮಸ್ಸಿನಲ್ಲಿ ಹಾರಿದರು. ಮೇಲೆ ಬಂದಾಗ ಬಾಯಿ ತೆರೆದಿತ್ತು, ಸದ್ದೇ ಇಲ್ಲ. ತಣ್ಣೀರು ದಿಢೀರನೆ ಮೈಗೆ ಬಿದ್ದರೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಬಾಯಿ ನೀರೊಳಗಿದ್ದರೆ ಕತೆ ಮುಗಿಯಿತು. ಚೆನ್ನಾಗಿ ಈಜು ಬಂದವರೂ ಹಾಗೇ ಸಾಯುತ್ತಾರೆ. ಅದಕ್ಕೇ ಅಲ್ಲಿ ಹೋದರೆ ಗ್ರೊಟ್ಟೊ ನೋಡುವುದು, ಈಜುವುದು ಮಾತ್ರ ಟೆಂಟ್ ಹಾಕುವ ಸೈಪ್ರಸ್ ಲೇಕಿನಲ್ಲಿ. ಅದು ಒಳನಾಡಿನ ಪುಟ್ಟ ಕೆರೆ, ಬಿಸಿಲಿಗೆ ಬೇಗ ಕಾಯುತ್ತದೆ. ದೊಡ್ಡ ಕೆರೆ ತಡವಾಗಿ ಬೆಚ್ಚಗಾಗುತ್ತದೆ, ಸಣ್ಣ ಕೆರೆ ಬೇಗ. ಹಂಡೆಗೂ ಚೆಂಬಿಗೂ ಇರುವ ವ್ಯತ್ಯಾಸ.

ಮಕ್ಕಳಿದ್ದರೆ ಇನ್ನೊಂದು ವಿಷಯ ತಲೆಯಲ್ಲಿರಲಿ. ಒಂಟಾರಿಯೊ ಪಾರ್ಕಿನ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಬೋರ್ಡ್ ಹಾಕಿರುತ್ತಾರೆ, ನೋಡಿಕೊಳ್ಳುವುದು ನಿಮ್ಮ ಪಾಡು. ತಂಗಿಯ ಮಗಳು ಬಸವನಗುಡಿಯಲ್ಲಿ ಕೋಚ್ ಇಟ್ಟುಕೊಂಡು ಈಜು ಕಲಿತವಳು, ಲೇನ್ ಹಗ್ಗದ ನಡುವೆ ಮೀನಿನ ಹಾಗೆ ಹೋಗುತ್ತಾಳೆ. ಆದರೆ ಅವಳು ತಳ ಕಾಣದ ನೀರಿಗೆ ಇಳಿದೇ ಇಲ್ಲ. ಇಲ್ಲಿ ಎಲ್ಲಿ ಇಳಿಯುವುದು ಹೇಳಿ? ಬೆಂಗಳೂರಿನ ಕೆರೆಗಳ ಗತಿ ಗೊತ್ತೇ ಇದೆ. ಮಂಚನಬೆಲೆಗೆ ಹೋದರೆ ನೀರಿಗಿಳಿಯಬೇಡಿ ಅನ್ನುವುದೇ ಮೊದಲ ಮಾತು, ಅದು ಸರಿಯಾದ ಮಾತೂ ಹೌದು. ಹಾಗಾಗಿ ಲೈಫ್ ಜಾಕೆಟ್ ಕಡ್ಡಾಯ ಅಂದೆ. ತುಂಬಾ ಪಾರ್ಕುಗಳಲ್ಲಿ ಅದನ್ನು ಎರವಲು ಕೊಡುತ್ತಾರೆ.

"ನಮಗೆ ಸೋರೆಬುರುಡೆ ಇತ್ತು" ಅಂದರು ದೊಡ್ಡಪ್ಪ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಅವರಪ್ಪ ತೋಟದ ಬಾವಿಗೆ ನೂಕಿದ್ದು, ಎಂಟನೇ ದಿನ ಹೇಳದೇ ಬುರುಡೆ ಬಿಚ್ಚಿದ್ದು, ಎಲ್ಲ ಬಂತು. ಹುಡುಗಿ ಕೋಡುಬಳೆ ಕಡಿಯುವುದನ್ನೇ ಮರೆತು ಕೇಳಿದಳು.

ಇನ್ನು ನಡಿಗೆ. ಕೆರೆ ಚೆನ್ನಾಗಿದ್ದು ನಡೆಯಲು ಹೆಚ್ಚೇನೂ ಇಲ್ಲದ ಪಾರ್ಕುಗಳೂ ಇವೆ. ಸ್ಯಾಂಡ್‌ಬ್ಯಾಂಕ್ಸ್ ಅಂಥದ್ದು. ಮರಳ ದಿಬ್ಬ, ಸೊಂಟದುದ್ದದ ಬೆಚ್ಚನೆ ನೀರು, ತುಂಬಾ ದೂರದವರೆಗೆ ಆಳ ಕಮ್ಮಿ. ಚಿಕ್ಕ ಮಕ್ಕಳಿಗೆ ಅದೇ ಸರಿ. ಎರಡನೇ ದಿನ ನನಗೆ ಮಾತ್ರ ಮೈ ಜಡವಾಗುತ್ತದೆ. ಎರಡೂ ಬೇಕು ಅನ್ನುವವರಿಗೆ, ಅದರಲ್ಲೂ ಮೊದಲ ಸಲದವರಿಗೆ, ನಾನು ಹೇಳುವುದು ಅಲ್ಗಾನ್‌ಕ್ವಿನ್ ಪಾರ್ಕಿನ ರಾಕ್ ಲೇಕ್. 1893ರಲ್ಲೇ ಆದ ಪಾರ್ಕು ಅದು, ಏಳು ಸಾವಿರದ ಐನೂರು ಚದರ ಕಿಲೋಮೀಟರಿಗೂ ಜಾಸ್ತಿ. ಹೆದ್ದಾರಿ 60ರ ಉದ್ದಕ್ಕೂ ಕ್ಯಾಂಪ್‌ಗ್ರೌಂಡುಗಳಿವೆ. ಲೇಕ್ ಆಫ್ ಟು ರಿವರ್ಸ್‌ನಲ್ಲಿ ದೊಡ್ಡ ಬೀಚ್ ಇದೆ, ಆದರೆ ವಾರಾಂತ್ಯಕ್ಕೆ ಜಾತ್ರೆ. ರಾಕ್ ಲೇಕ್ ಹೆದ್ದಾರಿಯಿಂದ ಒಳಗೆ, ಲಾರಿ ಸದ್ದು ಕೇಳುವುದಿಲ್ಲ. ಅಲ್ಲಿಂದಲೇ ಬೂತ್ಸ್ ರಾಕ್ ಅನ್ನುವ ಹಾದಿ, 5.1 ಕಿಲೋಮೀಟರ್. ಹತ್ತಿ, ಬಂಡೆ ಮೇಲೆ ಕೂತು ಚಿತ್ರಾನ್ನ ತಿಂದು, ವಾಪಸ್ ಬರುವಾಗ ಹಳೇ ರೈಲು ಹಾದಿಯಲ್ಲಿ ನಡೆದು, ಬೆವರಿಗೇ ಕೆರೆಗೆ ಬೀಳಬಹುದು. ರಾತ್ರಿ ಲೂನ್ ಹಕ್ಕಿ ಕೂಗುತ್ತದೆ. ಮೊದಲ ಸಲ ಕೇಳಿದಾಗ ಯಾರೋ ಹೆಂಗಸು ಅಳುತ್ತಿದ್ದಾಳೆ ಅಂತ ನಾನು ಟಾರ್ಚ್ ಹಿಡಿದು ಹೊರಗೆ ಬಂದಿದ್ದೆ.

ಬಾನ್ ಎಕೋ ಪಾರ್ಕನ್ನೂ ಹೇಳಬೇಕು. ಕೆರೆಯಿಂದ ನೇರ ನೂರು ಮೀಟರ್ ಮೇಲೆದ್ದ ಗೋಡೆಯಂಥ ಬಂಡೆ, ಅದರ ಬುಡದಲ್ಲಿ ಅಲ್ಲಿನ ಮೂಲನಿವಾಸಿಗಳು ಕೆಂಪು ಬಣ್ಣದಲ್ಲಿ ಬರೆದ 260ಕ್ಕೂ ಹೆಚ್ಚು ಚಿತ್ರಗಳು. ದೋಣಿಯಲ್ಲಿ ಕೂತೇ ನೋಡಬೇಕು.

ಈ ಸಲ ನಾವು ಹಿಡಿಯಲು ಹೊರಟದ್ದು ಮಾತ್ರ ಕಿಲಾರ್ನಿಯ ಜಾರ್ಜ್ ಲೇಕ್. ಟೊರೊಂಟೊದಿಂದ ಉತ್ತರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿನ ಬೆಟ್ಟಗಳು ಬಿಳಿ. ಹಿಮ ಅಲ್ಲ, ಕಲ್ಲೇ ಬಿಳಿ, ನಮ್ಮ ಬೆಣಚುಕಲ್ಲಿನ ಹಾಗೆ. ಎತ್ತರ ಏನಿಲ್ಲ. ಅಲ್ಲಿನ ಅತಿ ಎತ್ತರದ ಸಿಲ್ವರ್ ಪೀಕ್ 543 ಮೀಟರ್. ನಮ್ಮ ಗಾಂಧಿಬಜಾರ್ ಇರುವುದೇ 900ಕ್ಕೂ ಮೇಲೆ! ಇದನ್ನು ಹೇಳಿದಾಗ ಭಾವ ನಕ್ಕರು. "ಸಾವನದುರ್ಗ ಹತ್ತಿದ್ದೀನಿ ಬಿಡಿ" ಅಂದರು. ಇರಲಿ, ಅಲ್ಲಿ ಬರಲಿ. ದ ಕ್ರ್ಯಾಕ್ ಅಂತ ಒಂದು ಹಾದಿ ಇದೆ, ಹೋಗಿಬರಲು ಆರೇ ಕಿಲೋಮೀಟರ್. ಕೊನೆಗೆ ಬೆಟ್ಟ ಬಿರುಕು ಬಿಟ್ಟ ಜಾಗದಲ್ಲಿ ಎಮ್ಮೆ ಗಾತ್ರದ ಬಂಡೆಗಳ ಮೇಲೆ ಕೈಕಾಲು ಎರಡೂ ಊರಿ ಹತ್ತಬೇಕು. ಸಾವನದುರ್ಗದಲ್ಲಿ ಶೂ ಜಾರುತ್ತದೆ, ಇಲ್ಲಿ ಮೊಣಕಾಲು ಸುಲಿಯುತ್ತದೆ. ಮೇಲೆ ನಿಂತರೆ ಕೆಳಗೆ ಎರಡು ಕೆರೆ, ಗಾಜಿನ ನೀಲಿ.

ಆ ನೀಲಿಯ ಕತೆ ಕೇಳಿದ ಮೇಲೆ ನನಗೆ ಚಂದದ ಫೋಟೋಗಳ ಮೇಲೆ ಇನ್ನಷ್ಟು ಅನುಮಾನ ಬಂತು. ಹತ್ತಿರದ ಸಡ್ಬರಿಯಲ್ಲಿ ನಿಕ್ಕಲ್ ಕರಗಿಸುವ ಕಾರ್ಖಾನೆಗಳಿವೆ. ಅವುಗಳ ಗಂಧಕದ ಹೊಗೆ ಮಳೆ ಜೊತೆ ಸೇರಿ ದಶಕಗಟ್ಟಲೆ ಈ ಕೆರೆಗಳಿಗೆ ಬಿತ್ತು. ಬೆಣಚುಕಲ್ಲಿಗೆ ಆ ಹುಳಿಯನ್ನು ಮುರಿಯುವ ಗುಣ ಇಲ್ಲ, ಸುಣ್ಣಕಲ್ಲಾಗಿದ್ದರೆ ಮುರಿಯುತ್ತಿತ್ತು. ನೀರು ಹುಳಿಯಾಗಿ ಎಷ್ಟೋ ಕೆರೆಗಳಲ್ಲಿ ಮೀನು ಸತ್ತುಹೋದವು, ಪಾಚಿ ಕಮ್ಮಿಯಾಯಿತು. ಒಳಗೆ ಏನೂ ಇಲ್ಲದ ನೀರು ತಿಳಿಯಾಗಿ ನೀಲಿ ಕಂಡಿತು. ನಾವು "ಎಷ್ಟು ಕ್ಲೀನ್!" ಅಂತ ಫೋಟೋ ತೆಗೆಯುತ್ತಿದ್ದದ್ದು ಸತ್ತ ಕೆರೆಯನ್ನು. ಹೊಗೆ ಕಮ್ಮಿ ಮಾಡಿದ ಮೇಲೆ ನಿಧಾನಕ್ಕೆ ಜೀವ ಮರಳುತ್ತಿದೆ. ಅದಕ್ಕೂ ಮುಂಚೆ, 1931ರಲ್ಲಿ, ಎ. ವೈ. ಜಾಕ್ಸನ್ ಅನ್ನುವ ಚಿತ್ರಕಾರ ಇಲ್ಲಿನ ಒಂದು ಕೆರೆಯ ದಡದ ಮರ ಕಡಿಯಬೇಡಿ ಎಂದು ಸರ್ಕಾರಕ್ಕೆ ಬರೆದು ಉಳಿಸಿದ್ದರು. ಪಾರ್ಕ್ ಆದದ್ದು 1964ರಲ್ಲಿ. ಮರ ಉಳಿಸಬಹುದಿತ್ತು, ಮಳೆಯನ್ನು ಹೇಗೆ ತಡೆಯುವುದು?

ದಿನಾಂಕದ ವಿಷಯ ಬೇಗ ಹೇಳಿಬಿಡುತ್ತೇನೆ. ಮೇ ಮಧ್ಯದಿಂದ ಜೂನ್ ಕೊನೆವರೆಗೆ ಹೋಗಬೇಡಿ. ಬ್ಲ್ಯಾಕ್ ಫ್ಲೈ ಅನ್ನುವ ಸಣ್ಣ ಕಪ್ಪು ನೊಣ ಕಚ್ಚುವುದಲ್ಲ, ಚರ್ಮ ಕತ್ತರಿಸುತ್ತದೆ. ಕಿವಿ ಹಿಂದೆ ರಕ್ತ ಇಳಿದದ್ದು ಕೈಗೆ ತಾಗಿದಾಗಲೇ ಗೊತ್ತಾಗುವುದು. ಅದರ ಹಿಂದೆಯೇ ಸೊಳ್ಳೆ. ಜುಲೈನಲ್ಲೂ ಸಂಜೆ ಹೊತ್ತು ತುಂಬು ತೋಳು ಬೇಕು. ಆಗಸ್ಟ್ ಎಲ್ಲದಕ್ಕೂ ಒಳ್ಳೇದು, ಆದರೆ ಬೆಂಗಳೂರಿನ ಶಾಲೆಗಳಿಗೆ ಆಗ ರಜ ಎಲ್ಲಿ? ಜುಲೈಗೇ ಎರಡು ವಾರ ರಜ ಕೇಳಬೇಕಂತೆ. ಉಣುಗು ಕೂಡ ಇದೆ, ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ ಅಲ್ವಾ. ನಡೆದು ಬಂದ ಮೇಲೆ ಮಕ್ಕಳ ಮೈ ಪೂರ್ತಿ ನೋಡಬೇಕು.

ತಿಂಡಿ ವಿಷಯಕ್ಕೆ ತಂಗಿ ದೊಡ್ಡ ಪಟ್ಟಿ ಮಾಡಿದ್ದಳು. ತರಲಿ, ಬೇಡ ಅನ್ನುವಷ್ಟು ಮೂರ್ಖರಲ್ಲ ನಾವು. ಆದರೆ ರಾತ್ರಿ ಎಲ್ಲವೂ ಕಾರಿನೊಳಗೆ. ಕರಡಿಗಳಿರುವ ಕಾಡು. ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ವಾಸನೆ ಬರುವ ಯಾವುದೂ ಟೆಂಟಿನಲ್ಲಿ ಇಡುವಂತಿಲ್ಲ. ನಾವು ಕರಡಿಯನ್ನು ದೂರದಿಂದ ಒಮ್ಮೆ ಕಂಡದ್ದು ಬಿಟ್ಟರೆ ಕಾಟ ಕೊಟ್ಟಿದ್ದೆಲ್ಲ ರಕೂನ್. ನಾಯಿಮರಿಯಷ್ಟು ದೊಡ್ಡದು, ಕಣ್ಣಿಗೆ ಕಪ್ಪು ಪಟ್ಟಿ, ಮುಂಗಾಲು ಥೇಟ್ ಮನುಷ್ಯರ ಕೈ. ಅಮ್ಮ ಕಳಿಸಿದ ಚಟ್ನಿಪುಡಿ ಸ್ಟೀಲ್ ಡಬ್ಬಿಯಲ್ಲಿತ್ತು, ಮೇಜಿನ ಮೇಲೇ ಮರೆತಿದ್ದೆವು. ಟಾರ್ಚ್ ಬಿಟ್ಟಾಗ ಅದು ಹಿಂಗಾಲ ಮೇಲೆ ಕೂತು, ಡಬ್ಬಿಯನ್ನು ತೊಡೆಗೆ ಒತ್ತಿಕೊಂಡು, ಮುಚ್ಚಳದ ಅಂಚಿಗೆ ಬೆರಳು ತೂರಿಸುತ್ತಿತ್ತು. ನಮ್ಮನ್ನು ನೋಡಿದರೂ ನಿಲ್ಲಿಸಲಿಲ್ಲ. ಟಪ್ ಅಂತ ತೆಗೆದು, ಮೂತಿ ಹಾಕಿ, ಒಂದು ಸಲ ಸೀನಿತು. ಬ್ಯಾಡಗಿ ಮೆಣಸಿನಕಾಯಿ. ಆಮೇಲೆ ಇನ್ನೊಂದು ಬಾಯಿ ತಿಂದಿತು.

ಐದೂವರೆ ಆಯಿತು. ಜಾರ್ಜ್ ಲೇಕಿನ ನಕ್ಷೆ ತೆರೆದುಕೊಂಡಿತು. ಹಸಿರು ಚುಕ್ಕಿ ಅಂದರೆ ಖಾಲಿ. ನಾವು ಮೊದಲೇ ಮೂರು ನಂಬರು ಬರೆದಿಟ್ಟಿದ್ದೆವು. ಶೌಚಾಲಯಕ್ಕೆ ತೀರಾ ಅಂಟಿಕೊಂಡ ಜಾಗ ಬೇಡ, ರಾತ್ರಿಯೆಲ್ಲ ಲೈಟು, ಬಾಗಿಲು ಧಡ್ ಧಡ್. ತೀರಾ ದೂರವೂ ಬೇಡ, ನಡುರಾತ್ರಿ ಮಗುವನ್ನು ಕರೆದುಕೊಂಡು ಹೋಗುವವರು ನೀವೇ. ನೀರಿನ ನಲ್ಲಿ ಎಲ್ಲಿದೆ ನೋಡಬೇಕು. ಕಾರಿನ ಹಿಂದೆ ಎಳೆದು ತರುವ ಟ್ರೇಲರು ಮನೆಗಳ ಸಾಲಿನಿಂದ ದೂರ. ಒಂದೊಂದು ಜಾಗದ ನೆರಳು, ಮರೆ ಹೇಗಿದೆ ಅಂತ ಬುಕಿಂಗ್ ಪುಟದಲ್ಲೇ ಬರೆದಿರುತ್ತಾರೆ, ಜೊತೆಗೆ ಅವರೇ ತೆಗೆದ ಕಳಪೆ ಫೋಟೋ. ಆ ಕಳಪೆ ಫೋಟೋ ಮಾತ್ರ ನಾನು ನಂಬುತ್ತೇನೆ, ಯಾಕೆಂದರೆ ಅದರಲ್ಲಿ ನೆಲ ಕಾಣುತ್ತದೆ. ಒಂದು ಜಾಗಕ್ಕೆ ಆರು ಜನ, ನಾವು ಸರಿಯಾಗಿ ಆರು.

ಮೊದಲನೇ ನಂಬರು ಒತ್ತುವಷ್ಟರಲ್ಲಿ ಹೋಯಿತು. ಎರಡನೆಯದು ಭಾವನ ಲ್ಯಾಪ್‌ಟಾಪಿನಲ್ಲಿ ತಿರುಗುತ್ತಾ ನಿಂತು ಹೋಯಿತು. ಮೂರನೆಯದು ತಂಗಿಯ ಮೊಬೈಲಿನಲ್ಲಿ ಸಿಕ್ಕಿತು. ಮೂರು ರಾತ್ರಿ. ಚಿಕ್ಕಮ್ಮ ಒಳಗಿಂದ ಕಾಫಿ ತಂದು "ಸಿಕ್ತಾ? ಎಷ್ಟು ರೂಮು?" ಅಂದರು.

ಕೂಗಾಟ ಮುಗಿದ ಮೇಲೆ ದೊಡ್ಡಪ್ಪ ಮೊಬೈಲ್ ಇಸಕೊಂಡು ಆ ಕಳಪೆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದರು. ಪೈನ್ ಮರ, ಒಂದು ಬಂಡೆ, ಸಮತಟ್ಟು ಅಂಗಳ, ಕಲ್ಲಿನ ಒಲೆ. ನಾನು ಹತ್ತು ಸಲ ನೋಡಿ ಚೆನ್ನಾಗಿದೆ ಎಂದು ಗುರುತು ಹಾಕಿದ್ದ ಜಾಗ.

"ಟೆಂಟ್ ಎಲ್ಲಿ ಹಾಕ್ತೀಯಾ?"

ನಾನು ನಡುವಿನ ಅಂಗಳ ತೋರಿಸಿದೆ.

"ಅಲ್ಲಿ ಬೇಡ. ಎಲೆ ಕಸ ನೋಡು, ಗೆರೆ ಎಳೆದ ಹಾಗೆ ಸಾಲಾಗಿ ಕೂತಿದೆ. ಮಳೆ ನೀರು ಆ ದಾರೀಲೇ ಹೋಗೋದು. ಈ ಬಂಡೆ ಪಕ್ಕ ಹಾಕು. ತಲೆ ಮರದ ಕಡೆಗೆ."

ಫೋಟೋ ಇನ್ನೊಮ್ಮೆ ಹಿಗ್ಗಿಸಿದೆ. ಗೆರೆ ಇತ್ತು.